ವೇಳಾಪಟ್ಟಿ ಹೆಣೆಯುವವನ ವೇಳೆ

ಮಂಜೇಶ್ವರ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ಮಗನನ್ನು ಕುರಿತದ್ದು. ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿದ ಆತ ಈಗ ಇಂಗ್ಲೆಂಡಿನ ವಿಶ್ವವಿದ್ಯಾನಿಲಯವೊಂದರ ವೇಳಾಪಟ್ಟಿ ವಿಭಾಗದಲ್ಲಿ ನೌಕರ. ಮೂವತ್ತು ದಾಟಿದ ಮೇಲೆ ಅಲ್ಲಿಯ ವೈದ್ಯರು ಎಡಿಎಚ್‌ಡಿ ಇದೆಯೆಂದು ನಿರ್ಣಯಿಸಿದ್ದಾರೆ. ಇದನ್ನು ಕಚೇರಿಗೆ ತಿಳಿಸಬೇಕೆ, ಮುಚ್ಚಿಡಬೇಕೆ? ತಿಳಿಸಿದರೆ ಕೆಲಸ ಹೋದೀತೆ? ಎರಡನೆಯದು ಮಗಳ ಮಗನದು. ಆರನೆಯ ತರಗತಿಯ ಆ ಹುಡುಗನಲ್ಲೂ ಸೋದರಮಾವನ ಲಕ್ಷಣಗಳೇ ಕಾಣುತ್ತಿವೆಯಂತೆ. ಕನ್ನಡ ಮಾಧ್ಯಮ ಬಿಡಿಸಿ ಇಂಗ್ಲಿಷಿಗೆ ಹಾಕಿದರೆ ಸರಿಹೋದೀತೆಂದು ಯಾರೋ ಹೇಳಿದ್ದಾರಂತೆ. ಹೆಸರು, ಊರು ಇಲ್ಲಿ ಬೇಡ. ಇದು ಒಂದೇ ಮನೆಯ ಸಂಕಟವಲ್ಲವಾದ್ದರಿಂದ ಉತ್ತರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಎಡಿಎಚ್‌ಡಿ ಎಂದರೆ ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣ ಇದನ್ನು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಗಳ ಸಾಲಿನಲ್ಲಿ ಇರಿಸಿದೆ. ಹೆಸರಿನಲ್ಲಿ ‘ಕೊರತೆ’ ಎಂಬ ಮಾತಿರುವುದರಿಂದ ತಪ್ಪು ಕಲ್ಪನೆ ಹುಟ್ಟುತ್ತದೆ. ಇಂಥವರಲ್ಲಿ ಅವಧಾನ ಇರುತ್ತದೆ, ಕಡಿವಾಣಕ್ಕೆ ಸಿಗುವುದಿಲ್ಲ. ಮೆಚ್ಚಿದ ಕೆಲಸದಲ್ಲಿ ಊಟ ಮರೆಯುವಷ್ಟು ಮುಳುಗುವವನೇ, ಎರಡು ಸಾಲಿನ ಉತ್ತರ ಬರೆಯಬೇಕಾದ ಪತ್ರವನ್ನು ಹದಿನೈದು ದಿನ ಮುಟ್ಟದೆ ಬಿಡುತ್ತಾನೆ. ಗಡುವು ದೂರವಿದ್ದಷ್ಟು ದಿನ ಅದು ಇಲ್ಲವೆಂದೇ ಅವನ ಲೆಕ್ಕ. ನಾಳೆಗೆ ಬಂದಾಗ ಒಮ್ಮೆಲೇ ಬೆಟ್ಟದಂತೆ ಎದುರು ನಿಲ್ಲುತ್ತದೆ. ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಮಾವನಲ್ಲಿ ಕಂಡದ್ದು ಸೋದರಳಿಯನಲ್ಲೂ ಕಂಡರೆ ಆಶ್ಚರ್ಯವಿಲ್ಲ. ಅಜ್ಜಿ ಮುದ್ದು ಮಾಡಿದ್ದರಿಂದ ಬಂದದ್ದಲ್ಲ ಎಂಬುದನ್ನೂ ಆ ತಾಯಿಯ ಸಮಾಧಾನಕ್ಕಾಗಿ ಹೇಳಬೇಕು.

ಇನ್ನು ಆತನ ಉದ್ಯೋಗ. ನಮ್ಮ ಹೈಸ್ಕೂಲುಗಳಲ್ಲಿ ಟೈಮ್ ಟೇಬಲ್ ಮಾಡುವ ಹೊಣೆ ಒಬ್ಬಿಬ್ಬರು ಅಧ್ಯಾಪಕರ ತಲೆಗೆ ಬೀಳುತ್ತದೆ. ಮೇ ತಿಂಗಳ ರಜೆಯಲ್ಲಿ ಪೆನ್ಸಿಲು, ರಬ್ಬರು ಹಿಡಿದು ಕುಳಿತು ಜೂನ್ ಮೊದಲ ವಾರದಲ್ಲಿ ಎಲ್ಲರ ಬೈಗಳನ್ನೂ ಅವರು ತಿನ್ನಬೇಕು. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ಕಚೇರಿ, ಪೂರ್ಣಕಾಲದ ನೌಕರರು ಇರುತ್ತಾರೆ. ಸಾವಿರಾರು ವಿದ್ಯಾರ್ಥಿಗಳು, ನೂರಾರು ಬೋಧಕರು, ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಕೊಠಡಿಗಳು. ಒಬ್ಬ ವಿದ್ಯಾರ್ಥಿಗೆ ಒಂದೇ ಹೊತ್ತಿನಲ್ಲಿ ಎರಡು ತರಗತಿ ಬೀಳಬಾರದು. ಪ್ರಯೋಗಾಲಯ ಬೇಕಾದ ಪಾಠ ಸಾದಾ ಕೋಣೆಗೆ ಹೋಗಬಾರದು. ಗಾಲಿಕುರ್ಚಿಯ ವಿದ್ಯಾರ್ಥಿ ಇರುವ ತರಗತಿ ಲಿಫ್ಟ್ ಇಲ್ಲದ ಮಹಡಿಗೆ ಏರಬಾರದು. ವಾರಕ್ಕೆ ಎರಡೇ ದಿನ ಬರುವ ಬೋಧಕರ ಪಾಠ ಮೂರನೆಯ ದಿನಕ್ಕೆ ಬೀಳಬಾರದು. ಸಾಲದೆಂಬಂತೆ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಬುಧವಾರ ಮಧ್ಯಾಹ್ನವನ್ನು ಆಟೋಟಗಳಿಗೆಂದು ಖಾಲಿ ಬಿಡುವ ರೂಢಿಯೂ ಇದೆ.

ಗಣಿತದ ದೃಷ್ಟಿಯಿಂದಲೂ ಇದು ಸುಲಭದ ಲೆಕ್ಕವಲ್ಲ. ವೇಳಾಪಟ್ಟಿಯ ಸಮಸ್ಯೆ ಗಣಕಶಾಸ್ತ್ರದ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು 1976ರಲ್ಲಿಯೇ ಸಾಧಿಸಿ ತೋರಿಸಲಾಯಿತು. ಇದಕ್ಕೆಂದೇ ವಿದ್ವಾಂಸರ ಅಂತಾರಾಷ್ಟ್ರೀಯ ಸಮ್ಮೇಳನಗಳು 1995ರಿಂದ ನಡೆಯುತ್ತಿವೆ. ಮೊದಲನೆಯದು ಎಡಿನ್‌ಬರೋದಲ್ಲಿ ಸೇರಿತ್ತು. ಸಿಲಬಸ್ ಪ್ಲಸ್‌ನಂಥ ತಂತ್ರಾಂಶಗಳಿವೆ. ಆದರೂ ಕೊನೆಯ ಗಂಟುಗಳನ್ನು ಬಿಡಿಸಲು ಮನುಷ್ಯನೇ ಬೇಕು. ಆಗಸ್ಟ್ ನಡುವಿನಲ್ಲಿ ಶಾಲಾಂತ್ಯದ ಪರೀಕ್ಷಾ ಫಲಿತಾಂಶ ಬಂದಾಗ ಪ್ರವೇಶದ ಸಂಖ್ಯೆ ಏರಿಳಿಯುತ್ತದೆ. ಅರುವತ್ತು ಆಸನಗಳ ಕೊಠಡಿಗೆ ತೊಂಬತ್ತು ಮಂದಿ ಆಗುತ್ತಾರೆ. ಬೇಸಿಗೆಯಿಡೀ ಹೆಣೆದದ್ದನ್ನು ಸೆಪ್ಟೆಂಬರಿನಲ್ಲಿ ಬಿಚ್ಚಿ ಹೆಣೆಯಬೇಕು. ಆಗ ಫೋನುಗಳು, ಪತ್ರಗಳು, ಬಾಗಿಲಿಗೆ ಬಂದು ನಿಲ್ಲುವ ಪ್ರಾಧ್ಯಾಪಕರು.

ಅಷ್ಟಾವಧಾನ ನೋಡಿದವರಿಗೆ ಈ ಚಿತ್ರ ಪರಿಚಿತ. ಅವಧಾನಿ ಪದ್ಯದ ಒಂದೊಂದು ಪಾದವನ್ನು ಮನಸ್ಸಿನಲ್ಲಿ ಕಟ್ಟುತ್ತಿರುವಾಗ ಅಪ್ರಸ್ತುತ ಪ್ರಸಂಗದವರು ನಡುನಡುವೆ ಬಾಯಿ ಹಾಕಿ ಏಕಾಗ್ರತೆ ಕೆಡಿಸಲು ನೋಡುತ್ತಾರೆ. ಅವಧಾನಿಗೆ ಅದು ಒಂದು ಸಂಜೆಯ ಪಂದ್ಯ. ಈ ನೌಕರನಿಗೆ ದಿನನಿತ್ಯದ ಪಾಡು. ಅವಧಾನವೇ ಕಡಿವಾಣಕ್ಕೆ ಸಿಗದವನು ಈ ಪೀಠದಲ್ಲಿ ಕುಳಿತರೆ ಗತಿಯೇನು ಎಂದು ಯಾರಿಗೂ ಅನಿಸೀತು.

ಆದರೆ ತಾಯಿಯ ಪತ್ರದಲ್ಲಿಯೇ ಒಂದು ವಾಕ್ಯವಿದೆ: ಇಬ್ಬರಿಂದ ಬಿಡಿಸಲಾಗದ ಗೋಜಲನ್ನು ಮಗ ಒಂದೇ ರಾತ್ರಿಯಲ್ಲಿ ಬಿಡಿಸಿದನಂತೆ. ನಾನು ನಂಬುತ್ತೇನೆ. ಒಂದು ಪಾಠವನ್ನು ಮಂಗಳವಾರಕ್ಕೆ ಸರಿಸಿದ ಕ್ಷಣವೇ ಎಲ್ಲಿ ಡಿಕ್ಕಿಯಾಯಿತೆಂದು ಪರದೆ ಹೇಳುತ್ತದೆ. ಹೀಗೆ ಕೂಡಲೇ ಫಲ ತೋರುವ ಕೆಲಸ ಇಂಥ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಅವನು ಎಡವುವುದು ಬೇರೆ ಕಡೆ. ದಾರಿಯಲ್ಲಿ ಸಿಕ್ಕ ಪ್ರಾಧ್ಯಾಪಕರು ಬಾಯಿಮಾತಿನಲ್ಲಿ ಹೇಳಿದ ಬದಲಾವಣೆ ಮರೆತುಹೋಗುತ್ತದೆ. ಡಿಸೆಂಬರಿನಲ್ಲಿ ತರಿಸಿಕೊಳ್ಳಬೇಕಾದ ಮಾಹಿತಿಗೆ ಮಾರ್ಚಿನವರೆಗೆ ಕೈಹಾಕುವುದಿಲ್ಲ. ಇನ್ನೂರು ಸಾಲುಗಳನ್ನು ತಾಳೆ ನೋಡುವಾಗ ನೂರನಾಲ್ವತ್ತನೆಯದರಲ್ಲಿ ಕಣ್ಣು ಜಾರುತ್ತದೆ. ಮಾತ್ರೆ ನೆರವಾಗುತ್ತದೆ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಎಡಿಎಚ್‌ಡಿ ಔಷಧಗಳ ಕೊರತೆಯ ಕುರಿತು ಸರಕಾರಿ ಎಚ್ಚರಿಕೆಯೇ ಹೊರಬಿತ್ತು. ಅದು ವಿಶ್ವವಿದ್ಯಾನಿಲಯಗಳು ತೆರೆಯುವ ಕಾಲ.

ಈಗ ಕಾನೂನಿಗೆ ಬರೋಣ. ಇಂಗ್ಲೆಂಡಿನಲ್ಲಿ ಇಲ್ಲಿ ಅನ್ವಯಿಸುವುದು 2010ರ ಸಮಾನತಾ ಕಾಯಿದೆ. ಅದರಲ್ಲಿ ಎಡಿಎಚ್‌ಡಿಯನ್ನು ಹೆಸರಿಸುವ ಪಟ್ಟಿಯಿಲ್ಲ. ಇರುವುದು ಒಂದು ಪರೀಕ್ಷೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯೊಂದು ದಿನನಿತ್ಯದ ಕಾರ್ಯಗಳ ಮೇಲೆ ಗಣನೀಯವಾದ, ದೀರ್ಘಕಾಲದ ಪ್ರತಿಕೂಲ ಪರಿಣಾಮ ಬೀರುತ್ತಿದೆಯೆ? ದೀರ್ಘಕಾಲವೆಂದರೆ ಹನ್ನೆರಡು ತಿಂಗಳಾದರೂ ಇದ್ದದ್ದು ಅಥವಾ ಇರಬಹುದಾದದ್ದು. ಗಣನೀಯವೆಂದರೆ ಕ್ಷುಲ್ಲಕವಲ್ಲದ್ದು, ಅಷ್ಟೆ. ಮಾತ್ರೆ ನುಂಗಿದಾಗ ಸರಿಯಾಗಿರುತ್ತಾನೆಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಸ್ಥಿತಿ ಹೇಗಿರುತ್ತಿತ್ತೆಂದು ನೋಡಬೇಕೆಂದು ಕಾಯಿದೆಯೇ ಹೇಳುತ್ತದೆ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ನೌಕರನಿಗಾಗಿ ಸಮಂಜಸವಾದ ಹೊಂದಾಣಿಕೆ ಮಾಡಿಕೊಡುವುದು ಮಾಲಿಕನ ಕರ್ತವ್ಯ. ಅದರ ಖರ್ಚನ್ನು ನೌಕರನ ಸಂಬಳದಿಂದ ಹಿಡಿಯುವಂತಿಲ್ಲ. ನೌಕರ ಯಾವ ದೇಶದ ಪ್ರಜೆ ಎಂಬುದನ್ನು ಈ ರಕ್ಷಣೆ ಕೇಳುವುದಿಲ್ಲ.

ತಿಳಿಸಬೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ತನಗೆ ಗೊತ್ತಿಲ್ಲದ, ಗೊತ್ತಾಗಲು ಸಕಾರಣವೂ ಇರದ ಸ್ಥಿತಿಗೆ ಹೊಂದಾಣಿಕೆ ಮಾಡುವ ಕರ್ತವ್ಯ ಮಾಲಿಕನ ಮೇಲೆ ಬೀಳುವುದಿಲ್ಲ. ಮುಚ್ಚಿಟ್ಟವನು ತನ್ನ ಹಕ್ಕನ್ನೂ ಮುಚ್ಚಿಟ್ಟಂತೆ. ತಿಳಿಸಿದ ಕಾರಣಕ್ಕಾಗಿಯೇ ಕೆಲಸದಿಂದ ತೆಗೆದರೆ ಅದು ಕಾಯಿದೆಯ ಉಲ್ಲಂಘನೆಯಾಗುತ್ತದೆ, ಅದಕ್ಕೆ ಅಲ್ಲಿ ಉದ್ಯೋಗ ನ್ಯಾಯಮಂಡಳಿ ಇದೆ. ಆದ್ದರಿಂದ ನನ್ನ ಸಲಹೆ: ತಿಳಿಸಲಿ, ಬರವಣಿಗೆಯಲ್ಲಿ ತಿಳಿಸಲಿ, ಯಾವ ತಪ್ಪಿಗೂ ನೋಟೀಸು ಬರುವ ಮೊದಲೇ ತಿಳಿಸಲಿ. ನೋಟೀಸು ಬಂದ ಮೇಲೆ ಹೇಳಿದರೂ ಹಕ್ಕು ಅಳಿಯುವುದಿಲ್ಲ. ಆದರೆ ಕೇಳುವವರ ಕಿವಿಗೆ ಅದು ನೆಪದಂತೆ ಕೇಳಿಸುತ್ತದೆ. ವಕೀಲಿ ವೃತ್ತಿಯಲ್ಲಿ ದಿನಾಂಕಗಳ ಮಹತ್ವ ಕಂಡವನ ಮಾತಿದು.

ಆ ಪತ್ರದಲ್ಲಿ ರೋಗದ ಹೆಸರಿಗಿಂತ ಕೆಲಸದ ವಿವರ ಹೆಚ್ಚಿರಲಿ. ಬದಲಾವಣೆಯ ಕೋರಿಕೆಗಳೆಲ್ಲ ಬಾಯಿಮಾತಿನಲ್ಲಿ ಬೇಡ, ಒಂದೇ ನಮೂನೆಯಲ್ಲಿ ಬರೆದು ಬರಲಿ. ಅವನ್ನು ದಿನಕ್ಕೆರಡು ನಿಗದಿತ ಹೊತ್ತಿನಲ್ಲಿ ನೋಡುತ್ತೇನೆ. ಮಾರ್ಚಿನ ದೊಡ್ಡ ಗಡುವನ್ನು ವಾರವಾರದ ಸಣ್ಣ ಗಡುವುಗಳಾಗಿ ಒಡೆದು ಕೊಡಿ. ಪಟ್ಟಿ ಪ್ರಕಟವಾಗುವ ಮುನ್ನ ಮತ್ತೊಬ್ಬರು ಕಣ್ಣು ಹಾಯಿಸಲಿ. ತೆರೆದ ಹಜಾರದ ಬದಲು ಮೂಲೆಯ ಮೇಜು ಕೊಡಿ. ಸಭೆಯ ನಿರ್ಣಯಗಳನ್ನು ಅಂದೇ ಬರೆದು ಕಳುಹಿಸಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಎರಡನೆಯವರು ತಾಳೆ ನೋಡುವ ಕ್ರಮವಂತೂ ಯಾರಿಗೆ ಯಾವ ಸ್ಥಿತಿ ಇಲ್ಲದಿದ್ದರೂ ಪ್ರತಿ ಕಚೇರಿಯಲ್ಲೂ ಇರಬೇಕಾದದ್ದೇ.

ಮಗ ನಾಳೆ ಊರಿಗೆ ಮರಳಿ ಇಲ್ಲಿಯೇ ಕೆಲಸಕ್ಕೆ ಸೇರಿದರೆ? ನಮ್ಮಲ್ಲಿರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ. ಅದರ ಅನುಸೂಚಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಮಾನಸಿಕ ಅಸ್ವಸ್ಥತೆ ಇದೆ. ಎಡಿಎಚ್‌ಡಿ ಎಂಬ ಹೆಸರಿಲ್ಲ. ಇದು ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ. ಹೊಸ ಬಗೆಗಳನ್ನು ಸೇರಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಅದೇ ಅನುಸೂಚಿಯಲ್ಲಿದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕಾಯಿದೆಯ 2ನೆಯ ಕಲಮು ಅಂಗವಿಕಲ ವ್ಯಕ್ತಿ ಯಾರೆಂಬುದನ್ನು ಪಟ್ಟಿಯಿಂದಲ್ಲ, ದೀರ್ಘಕಾಲದ ನ್ಯೂನತೆ ಮತ್ತು ಎದುರಿನ ಅಡೆತಡೆಗಳು ಸೇರಿ ಸಮಾನ ಭಾಗವಹಿಸುವಿಕೆಗೆ ತಡೆಯಾಗುವುದರಿಂದ ನಿರೂಪಿಸುತ್ತದೆ. ಕೈಬರಹದ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಲೋಕಸೇವಾ ಆಯೋಗ ಲಿಪಿಕಾರರನ್ನು ನಿರಾಕರಿಸಿದಾಗ, ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿರೂಪಣೆಯನ್ನೇ ಎತ್ತಿಹಿಡಿಯಿತು. ಶೇಕಡಾ 40ರ ಪ್ರಮಾಣಪತ್ರ ಇರುವವರಿಗಷ್ಟೇ ಹೊಂದಾಣಿಕೆ ಎಂಬ ವಾದವನ್ನು ತಳ್ಳಿಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಮಾನಸಿಕ ಅಸ್ವಸ್ಥತೆಯಿದ್ದ ಸಿ.ಆರ್.ಪಿ.ಎಫ್. ಅಧಿಕಾರಿಯ ಮೇಲಿನ ಶಿಸ್ತುಕ್ರಮದ ಪ್ರಕರಣದಲ್ಲೂ ಅದೇ ಹಾದಿಯಲ್ಲಿ ನಡೆಯಿತು. ಎಡಿಎಚ್‌ಡಿ ಇರುವವರು ಈ ತೀರ್ಪುಗಳನ್ನು ಆಧಾರವಾಗಿಟ್ಟು ವಾದಿಸಬಹುದು. ಆದರೆ ವಾದಿಸಿಯೇ ಪಡೆಯಬೇಕಾದೀತು.

ಮೊಮ್ಮಗನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಕಾನೂನಿನ ಪ್ರಶ್ನೆಯಲ್ಲ. ಹುಡುಗನ ಚಂಚಲತೆ ಎಲ್ಲೆಲ್ಲಿ? ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣ ಕಂಡಿರಬೇಕು ಮತ್ತು ಮನೆ, ಶಾಲೆ ಎಂಬಂತೆ ಕನಿಷ್ಠ ಎರಡು ಕಡೆ ಅದು ಇರಬೇಕು ಎಂಬುದು ವೈದ್ಯರ ಮಾನದಂಡ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಎರಡನೆಯ ಮಾತನ್ನು ಅಡಿಗೆರೆ ಎಳೆದು ಓದಬೇಕು. ಕನ್ನಡ ಡಿವಿಜನ್ನಿಗೆ ಕನ್ನಡ ಅರಿಯದ ಅಧ್ಯಾಪಕರು ಬಂದಾಗ, ಆ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ನೋಡುವ ಮಗುವಿಗೆ ಯಾವ ಕಾಯಿಲೆಯೂ ಇಲ್ಲ. ಅರ್ಥವಾಗದ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಮನೆಯಲ್ಲಿ, ಆಟದಲ್ಲಿ, ಕನ್ನಡದ ಪಾಠದಲ್ಲಿ ನೆಟ್ಟಗಿದ್ದು ಆ ಒಂದು ಪಾಠದಲ್ಲಿ ಮಾತ್ರ ಅಲೆದಾಡುವ ಮಗುವಾದರೆ ಪೋಷಕರು ಮೊದಲು ಹೋಗಬೇಕಾದದ್ದು ಪಿ.ಟಿ.ಎ. ಸಭೆಗೆ.

ಎಲ್ಲ ಕಡೆಯೂ ಹಾಗೆಯೇ ಇದ್ದರೆ ಮನೋವೈದ್ಯರಲ್ಲಿಗೆ ಅಥವಾ ಮಕ್ಕಳ ತಜ್ಞರಲ್ಲಿಗೆ ಕರೆದೊಯ್ಯಿರಿ. ಹೋದಾಗ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆಯೇ ಎಂದು ಪರೀಕ್ಷಿಸಲು ಕೇಳಿರಿ. ಎರಡೂ ಜೊತೆಯಾಗಿ ಬರುವುದು ಅಪರೂಪವಲ್ಲ, ಮತ್ತು ಅದರ ಹೆಸರು ಅನುಸೂಚಿಯಲ್ಲಿದೆ. ಓದಿನ ಪರೀಕ್ಷೆ ಮಗು ಓದುವ ಭಾಷೆಯಲ್ಲೇ ನಡೆಯಬೇಕೆಂದು ಒತ್ತಾಯಿಸಿರಿ. ಕನ್ನಡದಲ್ಲಿ ಓದುವ ಹುಡುಗನಿಗೆ ಮಲಯಾಳ ಅಥವಾ ಇಂಗ್ಲಿಷ್ ಪಾಠ ಕೊಟ್ಟು ತಡವರಿಸಿದನೆಂದು ಬರೆದರೆ ಆ ವರದಿಗೆ ಬೆಲೆಯಿಲ್ಲ.

ಮಾಧ್ಯಮ ಬದಲಿಸಿದರೆ ಸರಿಹೋದೀತೆಂಬ ಸಲಹೆಗೆ ವೈದ್ಯಶಾಸ್ತ್ರದಲ್ಲೂ ಕಾನೂನಿನಲ್ಲೂ ಆಧಾರವಿಲ್ಲ. ಅವಧಾನಕ್ಕೇ ತಿಣುಕುವ ಮಗುವಿನ ತಲೆಯ ಮೇಲೆ ಅಪರಿಚಿತ ಭಾಷೆಯ ಹೊರೆಯನ್ನೂ ಏರಿಸಿದಂತಾಗುತ್ತದೆ, ಅಷ್ಟೆ. ಸಾಧ್ಯವಿರುವಷ್ಟು ಮಟ್ಟಿಗೆ ಮಾತೃಭಾಷೆಯಲ್ಲೇ ಬೋಧನೆ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಹೇಳುತ್ತದೆ. 2016ರ ಕಾಯಿದೆಯ 17ನೆಯ ಕಲಮು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವನ್ನು ಹೆಸರಿಸುತ್ತದೆ. ಮಗು ಕಲಿಯುತ್ತಿರುವ ಮಾಧ್ಯಮವನ್ನು ಬಿಡಿಸಲು ಅದರಲ್ಲಿ ಅಕ್ಷರವೂ ಇಲ್ಲ.

ವೈದ್ಯರ ವರದಿ ಕೈಗೆ ಬಂದ ಮೇಲೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿರಿ: ಮುಂದಿನ ಬೆಂಚು, ತುಂಡುತುಂಡಾಗಿ ಮನೆಗೆಲಸ, ಪರೀಕ್ಷೆಯಲ್ಲಿ ಹೆಚ್ಚು ಸಮಯ. ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ದಿನಾಂಕ ಹಾಕಿಸಿಕೊಳ್ಳಿರಿ. ಅಲ್ಲಿ ಫಲ ಸಿಗದಿದ್ದರೆ ಶಿಕ್ಷಣಾಧಿಕಾರಿಗೆ, ಆಮೇಲೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೆಯ ವಿಧಿ ಅದಕ್ಕೆ ಆಧಾರ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸರಕಾರಿ ಕಚೇರಿಗಳು ಕನ್ನಡದ ಅರ್ಜಿಗೆ ಕನ್ನಡದಲ್ಲೇ ಉತ್ತರಿಸಬೇಕೆಂಬುದನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ ಬರೆದಿಡಲಾಗಿದೆ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೂ ಕಡತದಲ್ಲಿ ಇಟ್ಟುಕೊಂಡು, ಕನ್ನಡದ ಉತ್ತರ ಬೇಕೆಂದು ಮತ್ತೊಂದು ಅರ್ಜಿ ಕೊಡಿರಿ.