ರಿಪೋರ್ಟ್ ಬಂತು, ಓದೋರು ಬೇಕು
ಜೀನ್ ಪರೀಕ್ಷೆಗೆ ಈಗ ಬೆಂಗಳೂರಿಗೇ ಬರಬೇಕೆಂದಿಲ್ಲ. ಕಲಬುರಗಿಯಲ್ಲಿ ರಕ್ತ ತೆಗೆದು ಕೊರಿಯರ್ ಮಾಡಿದರೆ ಕೆಲವು ವಾರಗಳಲ್ಲಿ ರಿಪೋರ್ಟ್ ಮೊಬೈಲಿಗೇ ಬಂದು ಬೀಳುತ್ತದೆ. ತೊಡಕು ಶುರುವಾಗುವುದೇ ಅಲ್ಲಿಂದ. 'ಈ ಬದಲಾವಣೆಯ ಅರ್ಥ ಖಚಿತವಿಲ್ಲ' ಎಂಬ ಒಂದು ಸಾಲು ಅದರಲ್ಲಿದ್ದರೆ ಮುಗಿಯಿತು, ಮಗುವಿಗೆ ರೋಗ ಇದೆಯೋ ಇಲ್ಲವೋ ಹೇಳೋರು ಯಾರು? ಮಕ್ಕಳ ಡಾಕ್ಟರು 'ಜೆನೆಟಿಕ್ಸ್‌ನವರಿಗೆ ತೋರಿಸಿ' ಅನ್ನುತ್ತಾರೆ. ಆ ಜೆನೆಟಿಕ್ಸ್‌ನವರು ಇರುವುದು ಬೆಂಗಳೂರು, ಮಣಿಪಾಲದಂಥ ಕೆಲವೇ ಊರುಗಳಲ್ಲಿ. ಅವರ ಕೆಲಸ ಬರೀ ಯಂತ್ರದ್ದಲ್ಲ. ಒಂದು ಬಿಳಿ ಹಾಳೆ, ಪೆನ್ನು ಹಿಡಿದು ಮನೆತನದ ವಂಶವೃಕ್ಷ ಬರೆಯಬೇಕು; ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಸೋದರಮಾವನನ್ನೇ ಮದುವೆಯಾಗಿದ್ದರೆ ನಡುವೆ ಜೋಡಿಗೆರೆ. 'ನಿಮ್ಮಜ್ಜಿಗೆ ಎಷ್ಟು ಮಕ್ಕಳಮ್ಮಾ, ಹುಟ್ಟಿ ತೀರಿಕೊಂಡವು ಎಷ್ಟು?' ಎಂದು ನಿಧಾನಕ್ಕೆ ಕೆದಕಬೇಕು. (ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ, ಅದು ಬೇರೆ.) ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಇದನ್ನು 'ನಾಲ್ಕರಲ್ಲಿ ಒಂದು' ಅಂದರೆ, ಒಂದು ಮಗು ಹೋಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಆ ತಪ್ಪು ತಿದ್ದಲು ಅರ್ಧ ಗಂಟೆಯಾದರೂ ಬೇಕು. ನಂಬರ್ ಕೂಗುವ ಓಪಿಡಿಯಲ್ಲಿ ಅಷ್ಟು ಪುರಸೊತ್ತು ಯಾರಿಗಿದೆ? 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಈಗ ಒಬ್ಬ ರೋಗಿಯ ಚಿಕಿತ್ಸೆಗೆ 50 ಲಕ್ಷ ರೂ.ವರೆಗೆ ನೆರವುಂಟು. ಆದರೆ ನನ್ನನ್ನು ಕೇಳಿದರೆ ಅದಕ್ಕೂ ಮೊದಲು ಜಿಲ್ಲಾಸ್ಪತ್ರೆಗೊಬ್ಬ ಜೆನೆಟಿಕ್ ಕೌನ್ಸೆಲರ್, ಒಂದು ಬಾಗಿಲಿರುವ ಕೋಣೆ, ಎರಡು ಕುರ್ಚಿ ಕೊಡಿ. ಸೊಸೆ ಒಬ್ಬಳೇ ಕೂತು ಮಾತಾಡುವಷ್ಟು ಜಾಗ ಸಾಕು.