ಬಿಟ್ಟ ಮೀನು ಬದುಕಬೇಕು

ಹೊಸೂರು, ಡೆಂಕಣಿಕೋಟೆ ಕಡೆಯ ಕೆರೆ ಏರಿಗಳ ಮೇಲೆ ಈಗ ಭಾನುವಾರ ಬಂತೆಂದರೆ ಹೊಸ ಬಗೆಯ ಗಾಳದವರು ಕಾಣಸಿಗುತ್ತಾರೆ. ಇವರು ಸಾರಿಗಾಗಿ ಮೀನು ಹಿಡಿಯುವವರಲ್ಲ. ಮೀನನ್ನು ಎಳೆದು ದಡಕ್ಕೆ ಹಾಕುವುದು, ಎತ್ತಿ ಹಿಡಿದು ಫೋನಿನಲ್ಲಿ ಚಿತ್ರ ತೆಗೆಸಿಕೊಳ್ಳುವುದು, ಮರಳಿ ನೀರಿಗೆ ಎಸೆಯುವುದು, ಇದೇ ಇವರ ಆಟ. ಪಟ್ಟಣದವರನ್ನು ನೋಡಿ ನಮ್ಮ ಹಳ್ಳಿಯ ಹುಡುಗರೂ ಇದನ್ನು ಕಲಿತಿದ್ದಾರೆ. “ಕೊಲ್ಲಲಿಲ್ಲವಲ್ಲ, ಬಿಟ್ಟೆವಲ್ಲ” ಎಂಬುದು ಅವರ ಸಮಾಧಾನ. ಆದರೆ ಹೀಗೆ ಬಿಟ್ಟ ಮೀನು ನಾಲ್ಕು ದಿನ ಕಳೆದ ಮೇಲೆ ತೂಬಿನ ಬಳಿ ಹೊಟ್ಟೆ ಮೇಲಾಗಿ ತೇಲುವುದುಂಟು. ಅದನ್ನು ನೋಡಲು ಆಗ ಅವರು ಅಲ್ಲಿರುವುದಿಲ್ಲ.

ಮೀನನ್ನು ಬಿಡುವವನು ಅದು ಬದುಕುವ ಹಾಗೆ ಬಿಡಬೇಕು. ಅದು ಬಾರದವನು ಗಾಳವನ್ನೇ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಇದು ಬರಿಯ ದಯೆಯ ಮಾತಲ್ಲ, ರೈತನ ಲೆಕ್ಕದ ಮಾತೂ ಹೌದು. ನಮ್ಮ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಜಾತಿಯವು. ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಇಂತಹ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿ ತೋರಿಸಿದರು. ಅಂದಿನಿಂದಲೇ ಬಿತ್ತನೆ ಮರಿ ಹೇರಳವಾಗಿ ಸಿಗುವ ದಾರಿ ತೆರೆಯಿತು. ಅಂದಮೇಲೆ ಕೆರೆಯಲ್ಲಿರುವ ಒಂದೊಂದು ಕಾಟ್ಲಾವೂ ಯಾರೋ ಹಣ ಕೊಟ್ಟು ತಂದು ಬಿಟ್ಟ ಮರಿ. ಅರ್ಧ ಬೆಳೆದ ಮೀನು ಗಾಯಗೊಂಡು ಸತ್ತರೆ ಹಿಡಿದವನಿಗೂ ಇಲ್ಲ, ಗುತ್ತಿಗೆದಾರನಿಗೂ ಇಲ್ಲ, ಊರಿಗೂ ಇಲ್ಲ. ಹಸಿ ಪೈರನ್ನು ತುಳಿದು ಹೋದ ಹಾಗೆಯೇ ಇದು.

ಮೀನು ಏಕೆ ಸಾಯುತ್ತದೆ ಎಂಬುದನ್ನು ತಿಳಿದರೆ ಹೇಗೆ ಹಿಡಿಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಮೀನಿನ ಮೈಮೇಲಿನ ಲೋಳೆಯನ್ನು ನಾವು ಅಸಹ್ಯವೆಂದು ಒರೆಸಿಬಿಡುತ್ತೇವೆ. ಆ ಲೋಳೆಯೇ ಅದರ ಕವಚ. ಒಣಗಿದ ಕೈ, ಒಣ ಬಟ್ಟೆ, ಮರಳು, ಕಾದ ಕಲ್ಲು ಇವು ತಾಗಿದಲ್ಲಿ ಲೋಳೆ ಕಳಚಿ ಹುರುಪೆ ಏಳುತ್ತದೆ. ಅಲ್ಲಿ ರೋಗಾಣು ಸೇರುತ್ತದೆ, ಇಲ್ಲವೆ ಹತ್ತಿಯಂತಹ ಬಿಳಿಯ ಬೂಷ್ಟು ಹಿಡಿಯುತ್ತದೆ. ಆದುದರಿಂದಲೇ ಸಾವು ಆ ದಿನ ಕಾಣದೆ ಹಲವು ದಿನಗಳ ಮೇಲೆ ಕಾಣುತ್ತದೆ.

ಎರಡನೆಯದು ಉಸಿರು. ಕಿವಿರಿನ ತೆಳು ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿರುತ್ತವೆ. ಗಾಳಿಗೆ ತಂದೊಡನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೆಣಸಿ ದಣಿದ ಮೀನಿಗೆ ಉಸಿರು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ನಾವು ಅದರ ಉಸಿರು ಕಟ್ಟಿಸುತ್ತೇವೆ. ಕೆನಡಾದ ಇಬ್ಬರು ವಿಜ್ಞಾನಿಗಳು 1992ರಲ್ಲಿ ಟ್ರೌಟ್ ಮೀನಿನ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ದಣಿಸಿ ನೀರಿನಲ್ಲಿಯೇ ಬಿಟ್ಟ ಮೀನುಗಳಲ್ಲಿ ಶೇಕಡಾ 12 ಸತ್ತವು. ದಣಿಸಿದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟವುಗಳಲ್ಲಿ ಶೇಕಡಾ 38, ಒಂದು ನಿಮಿಷ ಇಟ್ಟವುಗಳಲ್ಲಿ ಶೇಕಡಾ 72 ಸತ್ತವು. ನಮ್ಮ ಗೆಂಡೆಗಳು ಟ್ರೌಟಿಗಿಂತ ಗಟ್ಟಿ ಜೀವದವು, ನಿಜ. ಆದರೆ ನಮ್ಮ ನೀರು ಬಿಸಿ. 20 ಡಿಗ್ರಿ ಸೆಲ್ಸಿಯಸ್ಸಿನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಚಿತ್ರ ಸರಿಯಾಗಿ ಬರಲಿಲ್ಲವೆಂದು ಎರಡನೆಯ ಸಲ, ಮೂರನೆಯ ಸಲ ಎತ್ತಿ ತೋರಿಸುವವರು ಈ ಲೆಕ್ಕವನ್ನು ನೆನಪಿಡಬೇಕು.

ಇನ್ನು ಮಾಡತಕ್ಕದ್ದೇನು? ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಬಾಯಿ ಹರಿಯದೆ ಗಾಳ ಸಲೀಸಾಗಿ ಬಿಡುತ್ತದೆ. ಮೂರು ಕೊಕ್ಕೆಯ ಗಾಳ ಬೇಡ. ತೀರ ಸಣ್ಣ ದಾರ ಹಾಕಿ ಮೀನನ್ನು ಬಹಳ ಹೊತ್ತು ಆಡಿಸಬೇಡಿ. ದಡಕ್ಕೆ ಎಳೆಯದೆ, ಗಂಟಿಲ್ಲದ ಮೆತ್ತನೆಯ ಕೈಬಲೆಯಿಂದ ನೀರಿನಲ್ಲಿಯೇ ತಡೆಯಿರಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಎತ್ತಲೇಬೇಕಾದರೆ ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡದಲ್ಲಿ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಕಿವಿರಿಗೆ ಬೆರಳು ತೂರಿಸಿ ನೇತುಹಾಕಬಾರದು, ಹೊಟ್ಟೆಯನ್ನು ಹಿಸುಕಬಾರದು. ಗಾಳವನ್ನು ನುಂಗಿದ್ದರೆ ಕಿತ್ತು ತೆಗೆಯಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ; ಬದುಕುವ ಅವಕಾಶ ಹಾಗೆಯೇ ಹೆಚ್ಚು. ಬಿಡುವಾಗ ದೂರ ಎಸೆಯಬೇಡಿ. ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡು, ಹೊಳೆಯಾದರೆ ಮುಖವನ್ನು ಪ್ರವಾಹಕ್ಕೆ ಎದುರಾಗಿಟ್ಟು, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ಕಾಯಿರಿ.

ಹೊತ್ತೂ ಮುಖ್ಯ. ನಡು ಮಧ್ಯಾಹ್ನ ಬೇಡವೆಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಪಾಚಿಗಟ್ಟಿ ಹಸಿರಾದ ಕೆರೆಯಲ್ಲಿ ನಸುಕೂ ಒಳ್ಳೆಯದಲ್ಲ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ, ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ತೀರ ಕಡಿಮೆಯಾಗಿರುತ್ತದೆ. ಹೊತ್ತು ಮೂಡಿ ಎರಡು ಗಂಟೆ ಕಳೆದ ಮೇಲೆ, ಬಿಸಿಲು ಬಲಿಯುವ ಮುನ್ನ ಗಾಳ ಹಾಕುವುದು ಮೇಲು. ಬೇಸಗೆಯಲ್ಲಿ ಕೆರೆ ತಳ ಕಂಡಾಗ ಈ ಆಟವನ್ನು ನಿಲ್ಲಿಸಿಬಿಡುವುದೇ ಲೇಸು.

ಎಲ್ಲ ಮೀನನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಜಿಲೇಬಿ ಮೀನು, ಸಾಕಣೆಯೇ ನಿಷೇಧವಾಗಿರುವ ಆಫ್ರಿಕಾದ ಮುಳ್ಳುಮೀಸೆಯ ಮೀನು ಇವು ಗಾಳಕ್ಕೆ ಬಂದರೆ ಮರಳಿ ಕೆರೆಗೆ ಸೇರಿಸತಕ್ಕದ್ದಲ್ಲ. ಇನ್ನು ಕೊರವ ಮೀನು. ಅದು ಮರಿಗಳ ಗುಂಪನ್ನು ಕಾಯುತ್ತಿರುವಾಗ ಹಿಡಿದು ಬಿಟ್ಟರೂ ನಷ್ಟವೇ. ತಾಯಿ ತಂದೆ ಇಲ್ಲದ ಆ ಗಳಿಗೆಯಲ್ಲಿ ಬೇರೆ ಮೀನುಗಳು ಮರಿಗಳನ್ನು ನುಂಗುತ್ತವೆ. ಕೆಂಪು ಮರಿಗಳ ಗುಂಪು ಕಂಡ ಕಡೆ ಗಾಳ ಹಾಕಬಾರದು.

ನಮ್ಮ ಅಂಚೆಟ್ಟಿ ಕಡೆಯ ಕಾಡಿನಂಚಿಗೆ ಹರಿಯುವ ಕಾವೇರಿಯಲ್ಲಿ ಗೂನು ಬೆನ್ನಿನ ಮಹಶೀರ್ ಮೀನು ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. ಕರ್ನಾಟಕದ ಗಾಳಿಬೋರೆ ಶಿಬಿರದಲ್ಲಿ ಗಾಳದವರು ಮೀನು ಹಿಡಿದು, ಬರೆದಿಟ್ಟು, ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಬರಹಗಳಿಂದಲೇ ಗೂನುಬೆನ್ನಿನ ಮೀನು ಕಡಿಮೆಯಾಗುತ್ತಿರುವುದು ಬೆಳಕಿಗೆ ಬಂತು. 2018ರಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತೀರ ಅಪಾಯದ ಸಾಲಿಗೆ ಸೇರಿತು. ಈಗ ನಮ್ಮ ಕಡೆಯ ಆ ಕಾಡು ವನ್ಯಧಾಮ. ಅಲ್ಲಿ ಅಪ್ಪಣೆಯಿಲ್ಲದೆ ಗಾಳ ಹಾಕುವುದು ಕಾನೂನಿಗೂ ವಿರೋಧ, ಅಳಿದುಳಿದ ಮೀನಿಗೂ ಕೇಡು. ನೀರಿಗೆ ಸಿಡಿಮದ್ದು ಹಾಕುವವರನ್ನಂತೂ ಊರವರೇ ತಡೆಯಬೇಕು.

“ತಿನ್ನುವುದಕ್ಕಲ್ಲದೆ ಹಿಡಿಯುವುದೇ ಪಾಪ” ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಹಸಿವಿಗೆ ಹಿಡಿದವನಿಗೆ ಒಂದು ನ್ಯಾಯವಿದೆ. ಮೋಜಿಗೆ ಹಿಡಿದವನಿಗೆ ಎಚ್ಚರ ಒಂದೇ ನ್ಯಾಯ. ಆದರೆ ಗಾಳವನ್ನು ಪೂರ್ತಿ ನಿಷೇಧಿಸಿದರೆ ಹುಡುಗರು ಕದ್ದು ಹಿಡಿಯುತ್ತಾರೆ; ಕದ್ದವನಿಗೆ ಮೀನನ್ನು ಜೋಪಾನ ಮಾಡಲು ಪುರುಸೊತ್ತೆಲ್ಲಿ? ಕಲಿಸುವುದೇ ಮೇಲೆಂದು ನನಗೆ ತೋರುತ್ತದೆ.

ಆದುದರಿಂದ ಊರ ಹಿರಿಯರೂ ಕೆರೆಯ ಗುತ್ತಿಗೆದಾರರೂ ಕೂಡಿ ಕೆಲವು ಕಟ್ಟಳೆಗಳನ್ನು ಏರಿಯ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಸಿ ನಿಲ್ಲಿಸಲಿ: ಮುಳ್ಳು ಒತ್ತಿದ ಗಾಳ, ಒದ್ದೆಯಾದ ಕೈ, ಹತ್ತು ಎಣಿಸುವುದರೊಳಗೆ ಮರಳಿ ನೀರಿಗೆ. ಇದಕ್ಕೆ ಒಪ್ಪದವರಿಗೆ ಏರಿಯ ಮೇಲೆ ಜಾಗವಿಲ್ಲ. ಚಿತ್ರ ಬೇಕೆನ್ನುವವರು ಮೊಣಕಾಲು ನೀರಿಗೆ ಇಳಿದು, ಮೀನು ನೀರಿನಲ್ಲಿರುವಾಗಲೇ ತೆಗೆದುಕೊಳ್ಳಲಿ. ಬಟ್ಟೆ ನೆನೆದರೆ ಒಣಗುತ್ತದೆ. ಒಣಗಿದ ಕಿವಿರಿಗೆ ಮತ್ತೆ ಜೀವ ಬರುವುದಿಲ್ಲ.