ಎರಡು ಹೋಳಿನ ಕೀಬೋರ್ಡಿಗೆ ಯಾಕ ನಗತೀರಿ?

ಮೊನ್ನೆ ನಮ್ಮ ವೈನಿ ಮನಿಗೆ ಬಂದವರು ನನ್ನ ಟೇಬಲ್ ನೋಡಿ, "ಅಯ್ಯ, ಕೀಬೋರ್ಡ್ ಮುರದದೇನವಾ?" ಅಂದ್ರು. ಮುರದಿಲ್ಲರೀ, ಅದು ಇರೋದ ಹಂಗ. ಎರಡು ಹೋಳು, ನಡುವ ಒಂದು ವೈರು. ಎಡಗೈದು ಎಡ ಹೆಗಲಿನ ಮುಂದ, ಬಲಗೈದು ಬಲ ಹೆಗಲಿನ ಮುಂದ. ನಡುವ ನನ್ನ ಚಹಾದ ಕಪ್ಪು. "ಇದ್ದದ್ದರಾಗ ಅಡ್ಜಸ್ಟ್ ಮಾಡ್ಕೋಬೇಕು, ರೊಕ್ಕ ಯಾಕ ಸುಡತಿ?" ಅಂದ್ರು.

ಈ ಮಾತಿಗೇ ನನಗ ಸಿಟ್ಟು ಬರೋದು. ಅಡಗಿ ಕಟ್ಟಿ ಎಷ್ಟು ಎತ್ತರ ಇರಬೇಕಂತ ಗೌಂಡಿ ಮುಂದ ನಿಂತು ಜಗಳಾ ತಗೀತೀವಿ. ದಿನಾ ಆರೇಳು ತಾಸು ಕೈ ಇಡೋ ಕೀಬೋರ್ಡ್ ಮಾತ್ರ ಪೆಟ್ಟಿಗ್ಯಾಗ ಹೆಂಗ ಬಂತೋ ಹಂಗ!

ಸಾದಾ ಕೀಬೋರ್ಡಿನಾಗ ಎರಡೂ ಕೈ ಎದಿ ಮುಂದ ಕೂಡಬೇಕು. ಹೆಗಲು ಒಳಗ ಕುಗ್ಗತಾವ, ಮಣಿಕಟ್ಟು ಕಿರಿಬೆರಳಿನ ಕಡೆ ಸೊಟ್ಟ ತಿರಗತಾವ. ಬಲಕ್ಕ ನಂಬರ್ ಪ್ಯಾಡ್ ಬ್ಯಾರೆ, ಅದರಾಚೆ ಮೌಸು. ಅದನ್ನ ಹಿಡೀಲಿಕ್ಕೆ ಕೈ ಚಾಚಿ ಚಾಚಿ ನನ್ನ ಬಲ ಹೆಗಲು ಎರಡು ವರ್ಷ ನೋಯ್ತು. ಜಡಿ ಹಾಕ್ಕೊಳ್ಳಲಿಕ್ಕೂ ಮಗಳನ್ನ ಕರೀತಿದ್ದೆ. ಆವಾಗ ಯಾರೂ ನಗಲಿಲ್ಲ, ಯಾಕಂದ್ರ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಹೊಸಾ ಶೋಕಿ ಅಂತೀರೇನು? 1993ರಾಗ ಆ್ಯಪಲ್ ಕಂಪನಿ ನಡುವ ಬಿಚ್ಚಿ ಬೀಸಣಿಕೆಯಂಗ ಅಗಲಿಸೋ ಕೀಬೋರ್ಡ್ ಮಾರಿತ್ತು, ನಂಬರ್ ಪ್ಯಾಡ್ ಬ್ಯಾರೇನ ಇತ್ತು. ಪೂರಾ ಎರಡು ಹೋಳಾಗೋದನ್ನ ಐಬಿಎಂ ಅದೇ ದಶಕದಾಗ ತಂತು.

ಕಷ್ಟ ಇಲ್ಲ ಅಂತ ಸುಳ್ಳು ಹೇಳಂಗಿಲ್ಲ. ನುಡಿಯೊಳಗ 'ಬ' ಬರೋದು ಬಿ ಕೀಲಿಂದ. ಅದು ನನ್ನದರಾಗ ಎಡ ಹೋಳಿನಾಗ ಅದ. ರೂಢಿ ಬಿದ್ದ ಬಲಗೈ ಹೋಗಿ ಖಾಲಿ ಟೇಬಲ್ ಬಡೀತಿತ್ತು. ಹದಿನೈದು ದಿನ ನಾ ಬರದದ್ದರಾಗ 'ಬ'ನ ಇರಲಿಲ್ಲ! ರೊಕ್ಕನೂ ಹೆಚ್ಚು, ಖರೆ. ಅಷ್ಟು ಬ್ಯಾಡಾದ್ರ ನಂಬರ್ ಪ್ಯಾಡ್ ಇಲ್ಲದ ಸಣ್ಣ ಕೀಬೋರ್ಡ್ ತಗೋರಿ. ಲೆಕ್ಕಾ ಬರಿಯೋರು ಬಿಡಿ ಪ್ಯಾಡ್ ತಂದು ಎಡಕ್ಕ ಇಡ್ರಿ, ಮೌಸು ಕೈ ಹತ್ತರ ಬರ್ತದ. ನೋವು ಹೋಗೇ ಹೋಗ್ತದಂತ ಆಣಿ ಮಾಡಂಗಿಲ್ಲ. ಬೆರಳು ಜುಮ್ ಅಂತಿದ್ರ ಮೊದಲ ಡಾಕ್ಟರ್ ಕಡೆ ಹೋಗ್ರಿ.

ವೈನಿ, ನೀವು ಮುಂದಿನ ಸಲ ಬಂದಾಗ ನನ್ನ ಖುರ್ಚಿ ಮ್ಯಾಲೆ ಕೂತು ಹತ್ತು ಸಾಲು ಹೊಡೀರಿ. ಆಮ್ಯಾಲೆ ಬೈರಿ.